ಕೊಟ್ಟಿಗೆಯಲ್ಲಿ ಕುದಿದ ಸಾರು

ಇಂದು ಗಡಹಿಂಗ್ಲಜ ಸಂತೆಯಲ್ಲಿ ನನ್ನ ತಮ್ಮ, ಗುಡಿಯ ದಾರಿ ಮೈಲಿಗೆಯಾಯಿತೆಂದು ಮೀನು ಮಾರುವವಳ ಬುಟ್ಟಿಯನ್ನು ಒದ್ದು ಉರುಳಿಸಿದ. ಆ ವಾಸನೆ ಮೂಗಿಗೆ ಬಡಿದದ್ದೇ, ನಮ್ಮ ಹಳೆಯ ದನದ ಕೊಟ್ಟಿಗೆ ಕಣ್ಣೆದುರು ಬಂತು.

ಇದೇ ತಮ್ಮ ಹುಟ್ಟಿದಾಗ ಅವ್ವನಿಗೆ ಹಾಲು ಬರಲಿಲ್ಲ. ಕೂಸು ಅತ್ತು ಅತ್ತು ದನಿ ಕಳೆದುಕೊಂಡಿತ್ತು. ನಿತ್ಯ ಲಿಂಗಪೂಜೆ ಮಾಡುವ ಅಜ್ಜಿಯೇ ಹೊಳೆದಂಡೆಯಲ್ಲಿ ಮೀನು ಹಿಡಿಯುವ ಭೋಯಿ ಜನರ ಗಂಗವ್ವನನ್ನು ಹಿತ್ತಲ ಬಾಗಿಲಿಗೆ ಕರೆಸಿದಳು.

"ನಮ್ಮ ಬಾಣಂತ್ಯಾರ್ಗೆ ಹೊಳಿ ಮೀನಿನ ಸಾರು ಕೊಡತೇವ್ರಿ ಅಮ್ಮಾರ. ಹಾಲು ಇಳೀತಾವು," ಎಂದ ಗಂಗವ್ವ ಬೆಳ್ಳುಳ್ಳಿ, ಮೆಣಸು ಹಾಕಿ ಕೊಟ್ಟಿಗೆಯಲ್ಲೇ ಕುದಿಸಿದಳು. ಅವ್ವ ಕಣ್ಣುಮುಚ್ಚಿ ಕುಡಿದಳು. ನಾಲ್ಕೇ ದಿನಕ್ಕೆ ಹಾಲು ಬಂತು. ಅಜ್ಜಿ ಆ ಗಡಿಗೆ ಒಡೆದು ಹೂಳಿಸಿದಳು.

ತೊಟ್ಟಿಲಿಗೆ ಹಾಕುವ ದಿನ ಗಂಗವ್ವ ಮೀನೆಲುಬಿನ ಮಣಿ ಪೋಣಿಸಿದ ಉಡಿದಾರ ತಂದಳು. ದೃಷ್ಟಿಯಾಗದಿರಲೆಂದು ಅವರಲ್ಲಿ ಕೂಸಿಗೆ ಅದನ್ನು ಕಟ್ಟುತ್ತಾರೆ. ಅಜ್ಜಿ ಬೀಗರ ಎದುರೇ ಅದನ್ನು ಗಟಾರಕ್ಕೆ ಎಸೆದಳು.

"ಯಾರವಾ ನೀ? ಮೀನ ನಾರತೀ, ದೂರ ನಿಂದ್ರ!"

ಗಂಗವ್ವ ನನ್ನತ್ತ ನೋಡಿದಳು. ಎಲ್ಲ ಗೊತ್ತಿದ್ದ ನಾನು ಬಾಯಿ ಬಿಡಲಿಲ್ಲ.

ಇಂದು ಸಂತೆಯ ನಡುವೆ ನಿಂತು ಎಲ್ಲವನ್ನೂ ಹೇಳಿದೆ. ತಮ್ಮ ನಕ್ಕ. "ಅಕ್ಕಾಗ ವಯಸ್ಸಾತು, ತಲಿ ಕೆಟ್ಟೈತಿ." ಸುತ್ತಲಿನವರೂ ನಕ್ಕರು.

ಮಣ್ಣಿನಿಂದ ಮೀನು ಹೆಕ್ಕುತ್ತಿದ್ದವಳು ಮಾತ್ರ ನಗಲಿಲ್ಲ.

"ಈಗ ಹೇಳಿ ಏನಾತ್ರಿ, ಅಕ್ಕಾರ?" ಎಂದಳು.