ಪಾಂಡವರ ಮೇಲೆ ಚಹಾ

ಶೀಗಿ ಹುಣ್ಣಿಮೆಯ ಬೆಳಿಗ್ಗೆ ಹಾನಗಲ್ಲಿನಿಂದ ಹಿರೇಕೆರೂರಿನ ಕಡೆ ಸೈಕಲ್ ತುಳಿಯುತ್ತ, ಭತ್ತದ ಹೊಲವೊಂದರ ಬದುವಿನಲ್ಲಿ ಬನ್ನಿ ಗಿಡದ ನೆರಳಿಗೆ ನಿಂತೆವು. ನಾನು ನೀರು ತರುವಷ್ಟರಲ್ಲಿ ಮೈಸೂರಿನ ಗೆಳೆಯ ಮಂಜುನಾಥ ಒಲೆ ಹೂಡಿದ್ದ. ಗಿಡದ ಬುಡದಲ್ಲಿ ಸುಣ್ಣ ಬಳಿದ ಐದು ಕಲ್ಲು ಸಾಲಾಗಿದ್ದವಂತೆ, ಹಿಂದೆ ಇನ್ನೊಂದು. ಸಾಲಿನಿಂದ ಮೂರನ್ನು ಎತ್ತಿ ತಂದಿದ್ದ.

ಅಜ್ಜಿ ಇಂಥವೇ ಕಲ್ಲುಗಳಿಗೆ ಎಡೆ ಇಡುತ್ತಿದ್ದುದು ನೆನಪಾಯಿತು. ಆದರೆ ನನ್ನ ಬಾಲ್ಯದ ಅರ್ಧ ನೆನಪು ಆಮೇಲೆ ಓದಿ ಸೇರಿಸಿಕೊಂಡದ್ದೆಂದು ನನಗೇ ಗುಮಾನಿ. ತಂದ ನೀರನ್ನು ಪಾತ್ರೆಗೆ ಸುರಿದೆ. ಚಹಾ ಕುದಿಯಿತು.

ಅಷ್ಟರಲ್ಲಿ ಬುತ್ತಿ ಹೊತ್ತ ಹೆಂಗಸೊಬ್ಬಳು ಗಂಡನೊಡನೆ ಬಂದಳು. ಹೊಲದೊಡತಿ ಅವಳೇ. ತೆನೆ ಹಾಲುಗಟ್ಟಿದ ಹೊತ್ತಿನಲ್ಲಿ ಹೊಲಕ್ಕೆ ಮಾಡುವ ಅವರ ವರ್ಷದ ಪೂಜೆ ಕೆಡಿಸಿದೆವಲ್ಲ ಎಂದು ಎದ್ದು ನಿಂತೆ.

“ಯಣ್ಣಾ, ಪಾಂಡವರ ಮ್ಯಾಲ ಚಾ ಕುದಿಸೀರೇನ್ರಿ?”

“ತಪ್ಪಾತ್ರಿ, ಅಕ್ಕಾರ,” ಎಂದೆ ನಾನು.

ಗಂಡ ಮುಖ ಗಂಟಿಕ್ಕಿದ. ಅವಳು ಅವನತ್ತ ತಿರುಗಿ, “ಇರ್ಲಿ ಬಿಡ್ರಿ. ವನವಾಸದಾಗ ಅವರು ಹೊಗಿ ಕಂಡಿಲ್ಲೇನು?” ಎಂದಳು. ಕಲ್ಲುಗಳ ಮಸಿ ತೊಳೆದು, ಮತ್ತೆ ಸುಣ್ಣ ಬಳಿದು ಸಾಲಿಗೆ ಸೇರಿಸಿದಳು.

“ಹಿಂದಿನ ಕಲ್ಲು ಯಾರ್ರಿ?” ಎಂದೆ.

“ಅಂವ ಕಳ್ಳ. ಅಂವಗೂ ಎಡಿ ಆಗಬೇಕು. ಇಲ್ಲಂದ್ರ ತೆನಿಗೆ ಕೈ ಹಾಕ್ತಾನ.”

ಅಜ್ಜಿಯೂ ಇದನ್ನೇ ಹೇಳಿದ್ದಳು. ಈ ಸಲ ಅನುಮಾನಿಸಲಿಲ್ಲ.

ಪೂಜೆ ಮುಗಿದು, ಗಂಡ ಭೂಮಿತಾಯಿಗೆ ಚರಗವೆಂದು ಅನ್ನ-ಪಲ್ಯವನ್ನು ಹೊಲದ ತುಂಬ ಚೆಲ್ಲಿ ಬಂದ. ನಮ್ಮಿಬ್ಬರಿಗೆ ಎಲೆ ಹಾಕುತ್ತ ಮೊದಲ ಸಲ ನಕ್ಕ: “ನೀವು ಆ ಕಳ್ಳನ ಬಾಜೂಕ ಕುಂದರ್ರಿ.”

ಕುಳಿತೆವು. ಪಾಂಡವರಿಗೆ ಇಟ್ಟ ಹೋಳಿಗೆಯನ್ನೇ, ಅಷ್ಟೇ ತುಪ್ಪ ಸುರಿದು, ಅವಳು ನಮಗೂ ಬಡಿಸಿದಳು.