ನಾಲ್ಕು ಗಂಟು ಮದ್ದು

ಮದ್ದಿನಂಗಡಿ ಯಜಮಾನರ ಬಲಗೈ ಹೆಬ್ಬೆರಳಿನ ಉಗುರು ಬುಡದವರೆಗೂ ಕಪ್ಪು. ಸೀಗೆಪುಡಿಗೂ ಹೋಗದ, ಹುಣಸೆಹಣ್ಣಿಗೂ ಹೋಗದ ಕಪ್ಪು. ಮೂವತ್ತು ವರ್ಷ ಕೋವಿಮದ್ದು ತೂಗಿದ ಕೈ ಅದು. ಆ ಉಗುರನ್ನು ಕಂಡವರೇ ಇವತ್ತು ಮಳವಳ್ಳಿಯ ಹೋಟೆಲಿನಲ್ಲಿ ಕೂತು, "ಮದ್ದಿನಂಗಡಿ ಯಜಮಾನ್ರ ಪುಸ್ತಕ ಇಲ್ದಿದ್ರೆ ನೀರುಗಂಟೀನ ಕೊಂದೋನು ಸಿಕ್ತಿದ್ನಾ" ಎಂದು ಕಾಫಿ ಹೀರುತ್ತಾರೆ. ನಾನು ಕೇಳುವುದು ಇಷ್ಟೆ: ಕೊಂದವನು ಸಿಕ್ಕಿದ್ದಾನೆ ಎಂದು ನಿಮಗೆ ಹೇಳಿದವರು ಯಾರು?

ನಮ್ಮ ಮನೆಯ ಎದುರಿಗೇ ಅವರ ಅಂಗಡಿ. ಮುಂದೆ ಮೊಳೆ, ಹಗ್ಗ, ಲಾಂದ್ರ. ಹಿಂದಿನ ಕೋಣೆಯಲ್ಲಿ ಸರ್ಕಾರದ ಲೈಸೆನ್ಸಿನ ಮೇಲೆ ಮಾರುವ ಮದ್ದು, ಸೀಸದ ಚರೆ, ಮದ್ದಿಗೆ ಕಿಡಿ ಹೊತ್ತಿಸುವ ಕೇಪು. ಕೊಂಡವನ ಹೆಸರು, ಊರು, ಅವನ ಕೋವಿ ಲೈಸೆನ್ಸಿನ ನಂಬರು, ತೂಕ, ಎಲ್ಲವನ್ನೂ ಕೆಂಪು ರಟ್ಟಿನ ಪುಸ್ತಕದಲ್ಲಿ ಬರೆಯಬೇಕು. ಬರೆಯುವುದಕ್ಕೆ ಮೊದಲು ಅವರು ಬಂದವನ ಮುಖ ಓದುತ್ತಿದ್ದರು. "ಕ್ವಾಪ ಬಂದೋನ್ಗೂ ಕೊಡಬಾರ್ದು, ಅತ್ಕೊಂಡ್ ಬಂದೋನ್ಗೂ ಕೊಡಬಾರ್ದು" ಎನ್ನುವುದು ಅವರ ಸ್ವಂತ ಕಾನೂನು. ಒಮ್ಮೆ ಕಿರುಗಾವಲಿನ ಗೌಡರೊಬ್ಬರು ದಾಯಾದಿಯನ್ನು ಬೈಯುತ್ತಲೇ ಒಳಗೆ ಬಂದು ಲೈಸೆನ್ಸು ಚಾಚಿದರು.

"ಮದ್ದು ಒದ್ದೆ ಆಗೈತೆ ಗೌಡ, ಮುಂದಿನ್ ಸಂತೆಗೆ ಬಾ."

"ಸುಡೋ ಬ್ಯಾಸ್ಗೇಲಿ ಅದೆಂಗ್ಲಾ ಒದ್ದೆಯಾಯ್ತು?"

"ಮದ್ದು ಒದ್ದೆ ಅಲ್ದಿದ್ರೆ ನೀನ್ ಬಿಸಿ. ಎಲ್ಡರಲ್ಲಿ ಒಂದು ಸರಿಯೋಗ್ಲಿ, ಆಮ್ಯಾಕೆ ಬಾ."

ಮೈಸೂರಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಗೆದ್ದು ತಂದ ಬಟ್ಟಲನ್ನು ಅವರಿಗೆ ತೋರಿಸಿದ್ದೆ. "ಯಾವ್ ಕಡೆ ಮಾತಾಡ್ದೆ ಮಗ?" ಎಂದರು. ಸ್ಪರ್ಧೆಯವರು ಕೊಟ್ಟ ಕಡೆ ಎಂದೆ. "ಇನ್ನೊಂದ್ ಕಡೆ ಕೊಟ್ಟಿದ್ರೆ?" ಆಗಲೂ ಗೆಲ್ಲುತ್ತಿದ್ದೆ ಎಂದೆ. ಬಟ್ಟಲನ್ನು ತಿರುಗಿಸಿ ನೋಡಿ ವಾಪಸು ಕೊಟ್ಟರು. "ಅಂಗಾರೆ ನಿಂಗೇನ್ ಗೊತ್ತು ಅಂತ ಆಯ್ತು?"

ಆ ವರ್ಷವೇ, ಬೆಳಕವಾಡಿಯ ಆಚೆಗಿನ ಹಳ್ಳಿಯೊಂದರಲ್ಲಿ, ಗದ್ದೆಗಳಿಗೆ ನೀರು ಹಂಚುವ ನೀರುಗಂಟಿ ಒಂದು ಬೆಳಿಗ್ಗೆ ತೂಬಿನ ಪಕ್ಕ ಸತ್ತು ಬಿದ್ದಿದ್ದ. ಎದೆಯ ತುಂಬ ಚರೆ. ಇನ್ಸ್‌ಪೆಕ್ಟರು ನೇರವಾಗಿ ಅಂಗಡಿಗೆ ಬಂದು ಪುಸ್ತಕ ಎತ್ತಿಕೊಂಡರು. ಆ ಹಳ್ಳಿಯಿಂದ ಆ ತಿಂಗಳು ಮದ್ದು ಕೊಂಡಿದ್ದವನು ಒಬ್ಬನೇ ರೈತ. ಸಂಜೆಯೊಳಗೆ ಅವನ ಕೈಗೆ ಬೇಡಿ. ನೀರುಗಂಟಿಯೊಡನೆ ಅವನು ಜಗಳವಾಡಿದ್ದೂ ನಿಜ. ಜಗಳವಾಡದವರು ಆ ಹಳ್ಳಿಯಲ್ಲಿ ಎಷ್ಟು ಜನ ಎಂದು ಯಾರೂ ವಿಚಾರಿಸಲಿಲ್ಲ.

ಈ ಕಡೆಯ ಪದ್ಧತಿ ಇನ್ಸ್‌ಪೆಕ್ಟರಿಗೆ ಗೊತ್ತಿರಲಿಲ್ಲವೆಂದರೆ ನಾನು ನಂಬುವುದಿಲ್ಲ. ನಾಲೆ ನೀರು ಬಂದು ಕಬ್ಬು ಎದ್ದ ಮೇಲೆ ಹಂದಿ ಕಾಟ ಹೆಚ್ಚಿದೆ. ಕೋವಿ ಇರುವ ಮನೆಯವರು, ಕಳೆದುಹೋದೀತೆಂಬ ಹೆದರಿಕೆಗೆ, ಲೈಸೆನ್ಸನ್ನು ಪೆಟ್ಟಿಗೆಯಿಂದ ಆಚೆ ತೆಗೆಯುವುದೇ ಇಲ್ಲ. ಸಂತೆಗೆ ಹೋಗುವ ಒಬ್ಬ ತನ್ನದನ್ನು ಒಯ್ದು ಎಲ್ಲರ ಪಾಲನ್ನೂ ತರುತ್ತಾನೆ. ಆ ಸಲ ರೈತ ಒಯ್ದದ್ದು ತನ್ನದೂ ಸೇರಿ ನಾಲ್ಕು ಮನೆಯ ಪಾಲು. ಯಜಮಾನರು ಬೇರೆಬೇರೆಯಾಗಿ ನಾಲ್ಕು ಗಂಟು ಕಟ್ಟಿಕೊಟ್ಟು ಪುಸ್ತಕದಲ್ಲಿ ಒಂದೇ ಹೆಸರು ಬರೆದಿದ್ದರು. ತಪ್ಪು ಅವರದೇ. ಅವರೂ ಅದನ್ನು ಮುಚ್ಚಲಿಲ್ಲ, ನಾನೂ ಮುಚ್ಚುವುದಿಲ್ಲ.

ಮಾರನೆಯ ದಿನವೇ ಠಾಣೆಗೆ ಹೋದರು. ಜೊತೆಗೆ ನಾನಿದ್ದೆ.

"ಸಾಮಿ, ಅವ್ನು ತಕ್ಕೊಂಡೋದೋನು ಅಷ್ಟೇಯ. ಮದ್ದು ನಾಕ್ ಮನೇದು. ನಾಕ್ ಗಂಟು ಕಟ್ದೋನು ನಾನೇ. ಅದ್ರಾಗೆ ಒಂದು ಪಟೇಲ್ರ ಮನೇದು."

ಇನ್ಸ್‌ಪೆಕ್ಟರು ಲೇಖನಿ ಕೆಳಗಿಟ್ಟರು. "ಇದನ್ನ ನಾನು ಬರ್ಕೊಂಡ್ರೆ ನಿಮ್ಮ ಲೈಸೆನ್ಸು ಉಳಿಯಲ್ಲ ಯಜಮಾನ್ರೇ."

"ಲೈಸೆನ್ಸು ಓದ್ರೆ ಮೊಳೆ ಮಾರ್ಕೊಂಡಿರ್ತೀನಿ. ಅವ್ನ ಕತ್ಗೆ ನೇಣು ಬಿದ್ರೆ ಅವ್ನೇನ್ ಮಾರಾನು?"

"ಪುಸ್ತಕದಲ್ಲಿ ಒಂದೇ ಹೆಸರಿದೆಯಲ್ಲ?"

"ಪುಸ್ತಕ ಊರ್ ದಾರಿ ತೋರುಸ್ತದೆ ಸಾಮಿ. ಮನೆ ನೀವೇ ಉಡುಕ್ಬೇಕು."

ಲೇಖನಿ ಮೇಲೇಳಲಿಲ್ಲ.

ಕೋರ್ಟಿನಲ್ಲಿ ಸರ್ಕಾರಿ ವಕೀಲರು ಪುಸ್ತಕವನ್ನು ಅವರ ಮುಖಕ್ಕೇ ಹಿಡಿದು, "ಇದು ಸುಳ್ಳೋ, ನಿನ್ನ ನಾಲಿಗೆ ಸುಳ್ಳೋ?" ಎಂದರು. "ಸುಳ್ಳಲ್ಲ ಸಾಮಿ, ಪುಸ್ತಕದ್ದು ಅರ್ಧ ನಿಜ" ಎಂದರು ಯಜಮಾನರು. ಜನ ನಕ್ಕರು. ಚರ್ಚೆಯಲ್ಲಿ ಎದುರಾಳಿಯನ್ನು ನಾನೂ ಎಷ್ಟೋ ಸಲ ಹೀಗೇ ಮುಗಿಸಿದ್ದೇನೆ; ಅವತ್ತು ನನ್ನ ವಿದ್ಯೆಯ ಮೇಲೆ ನನಗೇ ಹೇಸಿಗೆಯಾಯಿತು. ರೈತನಿಗೆ ಜೀವಾವಧಿ ಶಿಕ್ಷೆ.

ಎರಡು ತಿಂಗಳಿಗೆ ಯಜಮಾನರ ಲೈಸೆನ್ಸು ರದ್ದಾಯಿತು. ಇಂಗ್ಲಿಷಿನಲ್ಲಿ ಬಂದ ಕಾಗದವನ್ನು ಅವರಿಗೆ ಓದಿ ಹೇಳಿದವನು ನಾನೇ. ಕಾರಣ: ಇನ್ಸ್‌ಪೆಕ್ಟರ ವರದಿಯಂತೆ, ನಾಲ್ಕು ಮನೆಯ ಮದ್ದನ್ನು ಒಬ್ಬನ ಲೈಸೆನ್ಸಿನ ಮೇಲೆ ಮಾರಿದ್ದು. ಮುದುಕನ ಅನ್ನ ಕೀಳುವಾಗ ನಾಲ್ಕು ಗಂಟು ನಿಜ; ರೈತನನ್ನು ಜೈಲಿಗೆ ನೂಕುವಾಗ ಅವೇ ನಾಲ್ಕು ಗಂಟು ಸುಳ್ಳು. ಇಂಥ ವಾದವನ್ನು ಹೈಸ್ಕೂಲು ಹುಡುಗ ಹೂಡಿದ್ದರೂ ಕೈಹಿಡಿದು ವೇದಿಕೆಯಿಂದ ಇಳಿಸುತ್ತಿದ್ದರು.

ರೈತ ನಿರಪರಾಧಿ ಎಂದು ನಾನು ವಾದಿಸುತ್ತಿಲ್ಲ. ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲು ಕಲಿಸಿದವರು ಅವರು. ಆ ಋಣವನ್ನು ಯಾವ ಬಟ್ಟಲಿನಿಂದಲೂ ತೀರಿಸಲಾರೆ. ಮುಂದಿನ ಬೇಸಿಗೆಗೆ ಅವರು ತೀರಿಕೊಂಡರು. ಹೋಗುವ ವಾರವೂ ನನ್ನನ್ನು ಕರೆಸಿ, ರೈತನ ಹೆಂಡತಿಯ ಪರವಾಗಿ ಸರ್ಕಾರಕ್ಕೆ ಅರ್ಜಿ ಬರೆಸಿದ್ದರು. "ವಾದ ಮಾಡ್ಬ್ಯಾಡ ಕಣ್ಲಾ ಮಗ. ನಾನ್ ನಾಕ್ ಗಂಟು ಕಟ್ಟಿದ್ದನ್ನ ಮಾತ್ರ ಬರಿ." ಅರ್ಜಿಗೆ ಉತ್ತರ ಬಂದಿಲ್ಲ.

ಮೊನ್ನೆ ಮದ್ದೂರು ಸ್ಟೇಷನ್ನಿನಲ್ಲಿ ಅದೇ ಇನ್ಸ್‌ಪೆಕ್ಟರು ಕಂಡರು. ಈಗ ಬಡ್ತಿಯಾಗಿದೆ. ರೈಲಿಗೆ ಕಾಯುತ್ತ, ಪುಸ್ತಕ ನೋಡಿ ಕೊಲೆಗಾರನನ್ನು ಹಿಡಿದ ಕಥೆಯನ್ನು ಜೊತೆಯವರಿಗೆ ಹೇಳುತ್ತಿದ್ದರು. ಮುಗಿಯುವವರೆಗೂ ನಿಂತು ಕೇಳಿದೆ. ಆಮೇಲೆ ಎದುರಿಗೆ ಹೋಗಿ ಕೈಮುಗಿದೆ.

"ಸ್ವಾಮಿ, ನಾಲ್ಕು ಮನೆ ಎಂದು ವರದಿ ಬರೆದವರು ನೀವೇ. ಉಳಿದ ಮೂರು ಮನೆಯ ಕೋವಿಗಳನ್ನು ಒಂದು ಸಲವಾದರೂ ಕೈಗೆತ್ತಿಕೊಂಡು ನೋಡಿದಿರಾ?"