ರೈಲಿಗೆ ಚಕ್ಕಡಿ ಗಾಲಿ

೧೯೮೬ರಲ್ಲಿ ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟೆ. ನಪಾಸಾಗಿ ಅಲ್ಲ, ಅಪ್ಪನ ಕೈಕೆಳಗೆ ಚಕ್ಕಡಿ ಗಾಲಿ ಮಾಡಲು ಕುಳಿತೆ. ಇವತ್ತು ಬೆಳಿಗ್ಗೆ ಅಣ್ಣಿಗೇರಿಯ ನನ್ನ ಲೇಥ್ ಅಂಗಡಿಯಲ್ಲಿ ಸ್ಪಿರಿಟ್ ಉರಿಯುವ ವಾಸನೆ ಬಂತು ನೋಡಿ, ಅಪ್ಪ ಕಲಿಸಿದ ಪಾಠವೊಂದು ನೆನಪಾಯಿತು. ನಾನು ಮುಗ್ಗರಿಸುವಂತೆ ಮಾಡಿದ ಪಾಠ.

ಹತ್ತು ವರ್ಷದ ಹಿಂದಿನ ಮಾತು. ರೈಲ್ವೆಯಲ್ಲಿ ಹಳಿ ರಿಪೇರಿ ಮಾಡಿ ನಿವೃತ್ತರಾದ ಇಮಾಮಸಾಬ ಕಾಕಾ ಮತ್ತು ನಾನು ಒಂದು ಹುಚ್ಚು ಹಚ್ಚಿಕೊಂಡೆವು. ಅಂಗಡಿಯ ಹಿಂದೆ ಹಲಗೆಯ ಮೇಲೆ ಅವರು ಹಳಿ ಹಾಸುವುದು, ನಾನು ಗೇಣುದ್ದದ ಉಗಿ ಎಂಜಿನ್ ಮಾಡುವುದು. ಹಿತ್ತಾಳೆಯ ಬಾಯ್ಲರು, ಕೆಳಗೆ ಸ್ಪಿರಿಟ್ ದೀಪ. ಮೊದಲ ದಿನ ಅದು ಬುಸುಗುಟ್ಟುತ್ತ ಹೊರಟು, ಬಾಗಿಲ ಕಡೆಯ ತಿರುವಿನಲ್ಲಿ ಉರುಳಿತು.

"ನಿಮ್ಮ ಹಳಿ ಸೊಟ್ಟ ಅದರಿ ಕಾಕಾ," ಎಂದೆ.

"ಲೇ ತಮ್ಮಾ, ಎಕ್ಸ್‌ಪ್ರೆಸ್ ಗಾಡಿ ದಾಟಿಸಿದ ಕೈ ಇದು. ನಿನ್ನ ಗೇಣುದ್ದ ಎಂಜಿನ್ನಿಗೆ ಸೊಟ್ಟ ಹಾಕ್ತದೇನು?"

ಆದರೂ ಮೂರು ಸಲ ಕಿತ್ತು ಹಾಸಿದರು. ಚಹಾದ ಬಸಿಯಲ್ಲಿ ನೀರಿಟ್ಟು ಮಟ್ಟ ನೋಡಿದರು. ಎಂಜಿನ್ ಅಲ್ಲೇ ಬಿತ್ತು. ನಾನು ಮತ್ತೆ ಅದೇ ಮಾತು ಅಂದೆ. ಕಾಕಾ ಟೋಪಿ ಎತ್ತಿಕೊಂಡರು. "ನನ್ನ ಹಳಿ ಮ್ಯಾಲೆ ನಂಬಿಕಿ ಇಲ್ಲಂದ್ರ ಇಲ್ಲಿ ನಂದೇನು ಕೆಲಸ?"

ಎಂಟು ದಿನ ಬರಲಿಲ್ಲ. ಒಬ್ಬನೇ ಕುಡಿದ ಚಹಾಕ್ಕೆ ಎಷ್ಟು ಸಕ್ಕರೆ ಹಾಕಿದರೂ ರುಚಿ ಹತ್ತಲಿಲ್ಲ.

ಒಂಬತ್ತನೇ ದಿನ ಎಂಜಿನ್ ಮಗುಚಿ ಗಾಲಿ ಒರೆಸುತ್ತಿದ್ದೆ. ಗಾಲಿ ಅಚ್ಚಿನ ಮೇಲೆ ಚೂರು ಅತ್ತಿತ್ತ ಸರಿಯಿತು. ಮೊದಲು ಹೆಮ್ಮೆಯೇ ಆಯಿತು ಅನ್ನಿ. ಅಪ್ಪ ಹೇಳುತ್ತಿದ್ದ: "ಗಾಲಿ ಚೂರು ಸಡ್ಲ ಇರಬೇಕಲೇ, ಇಲ್ಲಂದ್ರ ಎರಿ ಹೊಲದ ಕೊರಕಲಾಗ ಅಚ್ಚು ಮುರೀತದ." ನನ್ನ ಕೈ ಅದನ್ನೇ ಮಾಡಿತ್ತು. ಆದರೆ ಹಳಿಯ ಮೇಲೆ ಕೊರಕಲು ಎಲ್ಲಿಯದು? ಅಲ್ಲಿ ಎರಡು ಗಾಲಿಗಳ ನಡುವಿನ ಅಂತರ ಕೂದಲೆಳೆಯಷ್ಟೂ ಬದಲಾಗಬಾರದು. ತಿರುವಿನಲ್ಲಿ ನನ್ನ ಗಾಲಿ ಸರಿದು, ಅದರ ಅಂಚು ಹಳಿಯ ಮೇಲೆ ಹತ್ತಿಬಿಡುತ್ತಿತ್ತು.

ಗಾಲಿಗಳನ್ನು ಅಚ್ಚಿಗೆ ಬಿಗಿದು, ಎಂಜಿನ್ನನ್ನು ಟವೆಲಿನಲ್ಲಿ ಸುತ್ತಿಕೊಂಡು ಕಾಕಾರ ಮನೆಗೆ ಹೋದೆ. ತಪ್ಪು ಒಪ್ಪುವ ರೂಢಿ ನನ್ನ ಬಾಯಿಗಿಲ್ಲ. ಬಾಗಿಲಲ್ಲೇ ನಿಂತೆ.

"ಕಾಕಾ, ರೈಲಿಗೆ ಚಕ್ಕಡಿ ಗಾಲಿ ಹಾಕಿದ್ದೆರಿ."

ಅವರು ನನ್ನನ್ನೂ ಎಂಜಿನ್ನನ್ನೂ ನೋಡಿದರು. "ಮತ್ತ, ಎತ್ತು ಎಲ್ಲಿ ಕಟ್ಟಾಂವ ಇದ್ದಿ?" ಎಂದು ಕೆಮ್ಮು ಬರುವವರೆಗೆ ನಕ್ಕರು. "ನಡಿ, ಹೋಗೂಣು."

ಇವತ್ತು ಬೆಳಿಗ್ಗೆ ಎಂಜಿನ್ನಿನ ದೀಪ ಹಚ್ಚಿದವರೂ ಅವರೇ. ಗಾಲಿ ಬಿಗಿದ ಮೇಲೆ ಎಂಜಿನ್ ಒಮ್ಮೆಯೂ ಉರುಳಿಲ್ಲ, ಆದರೂ ತಿರುವು ಬಂದಾಗ ಇಬ್ಬರೂ ಈಗಲೂ ಉಸಿರು ಹಿಡಿಯುತ್ತೇವೆ. ಯಾವ ಕೆಲಸ ಕೆಟ್ಟರೂ ಮೊದಲು ನನ್ನ ಕೈಯದನ್ನೇ ಮಗುಚಿ ನೋಡುತ್ತೇನೆ. ನನ್ನ ಬಳಿ ಈಗ ಇರುವುದಿಷ್ಟು: ಒಂದು ಲೇಥು, ಒಂದು ಎಂಜಿನ್ನು, ಅದರ ಹಿಂದೆ ಕಟ್ಟುವ ಮೂರು ಡಬ್ಬಿ, ಹನ್ನೆರಡು ಅಡಿ ಹಳಿ, ಚಹಾದ ಲೋಟ ಎರಡು.